ನಾಲ್ಕು ಕಂಬದ ರ‍್ಯಾಕಿನಲ್ಲಿ ಭಾರದ ಉಪಕರಣ ಕೂರಿಸುವುದು: ಒಂದು ಪ್ರಾತ್ಯಕ್ಷಿಕೆ ಪಾಠದ ವರದಿ

ಪಾಠದ ಹಿನ್ನೆಲೆ

ಬೋಧನಾಭ್ಯಾಸದ ಎರಡನೆಯ ಸುತ್ತಿನಲ್ಲಿ ನನಗೆ ಹಂಚಿಕೆಯಾದದ್ದು ಕೈಗಾರಿಕಾ ತರಬೇತಿ ಸಂಸ್ಥೆಯೊಂದರ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆ ವೃತ್ತಿಯ ತರಗತಿ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಹದಿನಾರು ಮಂದಿ; ಅವರಲ್ಲಿ ಐವರು ಹುಡುಗಿಯರು. ಕೇಬಲ್ ತುದಿಗೆ ಕನೆಕ್ಟರ್ ಹಾಕುವುದು, ಐಪಿ ವಿಳಾಸ ಕೊಡುವುದು ಇವುಗಳಿಗೆ ಅಲ್ಲಿ ಬೇಕಾದಷ್ಟು ಅವಧಿ ಸಿಕ್ಕಿತ್ತು. ಉಪಕರಣವನ್ನು ರ‍್ಯಾಕಿಗೆ ಏರಿಸುವ ಕೆಲಸ ಮಾತ್ರ 'ಕೆಲಸಕ್ಕೆ ಸೇರಿದ ಮೇಲೆ ತಾನೇ ಬರುತ್ತದೆ' ಎಂಬ ಲೆಕ್ಕದಲ್ಲಿತ್ತು.

ಆದರೆ ಈ ಮಕ್ಕಳಿಗೆ ಹೊರಗೆ ಸಿಗುವ ಮೊದಲ ಕೆಲಸವೇ ಅದು. ಬೆಂಗಳೂರಿನ ಡೇಟಾ ಸೆಂಟರ್ ಇರಲಿ, ಜಿಲ್ಲಾ ಕೇಂದ್ರದ ಬ್ಯಾಂಕಿನ ಸರ್ವರ್ ಕೋಣೆ ಇರಲಿ, ಹೊಸದಾಗಿ ಸೇರಿದ ಹುಡುಗನಿಗೆ ಯಾರೂ ಮೊದಲ ದಿನವೇ ಸ್ವಿಚ್‌ನ ಸಂರಚನೆ ಕೊಡುವುದಿಲ್ಲ. 'ಆ ಪೆಟ್ಟಿಗೆ ಹಿಡಿದುಕೊಂಡು ಬಾ' ಎನ್ನುತ್ತಾರೆ. ಸೊಂಟ, ಬೆರಳು, ಪಾದ ಅಪಾಯಕ್ಕೆ ಒಡ್ಡಿಕೊಳ್ಳುವುದು ಆ ಹೊತ್ತಿನಲ್ಲಿ. ಹಾಗಾಗಿ ಪ್ರಾತ್ಯಕ್ಷಿಕೆ ಪಾಠಕ್ಕೆ ಈ ವಿಷಯವನ್ನೇ ಆರಿಸಿಕೊಂಡೆ.

ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು: 1. ಉಪಕರಣದ ತೂಕ ಓದಿ ಎಷ್ಟು ಜನ ಬೇಕೆಂದು ನಿರ್ಧರಿಸುವರು. 2. ನಾಲ್ಕೂ ಕಂಬಗಳಲ್ಲಿ ಒಂದೇ ಎತ್ತರದ ಸ್ಥಾನ ಗುರುತಿಸಿ ರೈಲು ಬಿಗಿಯುವರು. 3. ಭಾರದ ಉಪಕರಣ ಕೆಳಗೇ ಏಕಿರಬೇಕೆಂದು ಲೆಕ್ಕದ ಮೂಲಕ ವಿವರಿಸುವರು. 4. ತಂಡವಾಗಿ 30 ಕಿ.ಗ್ರಾಂ ಪೆಟ್ಟಿಗೆಯನ್ನು ಕೂರಿಸುವರು. 5. ತೊಂದರೆ ಕಂಡ ಕೂಡಲೇ ಕೆಲಸ ನಿಲ್ಲಿಸುವರು.

ಐದನೆಯ ಉದ್ದೇಶವನ್ನು ಮಾರ್ಗದರ್ಶಕ ಉಪನ್ಯಾಸಕರು ಪಾಠಯೋಜನೆಯಲ್ಲಿ ಕೆಂಪು ಶಾಯಿಯಲ್ಲಿ ಸುತ್ತಿ, 'ಇದನ್ನು ಹೇಗೆ ಅಳೆಯುತ್ತೀರಿ?' ಎಂದು ಬರೆದಿದ್ದರು. ಪಾಠದ ಬಹುಭಾಗ ಆ ಪ್ರಶ್ನೆಗೆ ಉತ್ತರವಾಗಿಯೇ ರೂಪುಗೊಂಡಿತು.

ಬೋಧನೋಪಕರಣಗಳು

42ಯು ಎತ್ತರದ ತೆರೆದ ನಾಲ್ಕು ಕಂಬದ ರ‍್ಯಾಕ್, ಒಳಗಿನ ಭಾಗಗಳನ್ನೆಲ್ಲ ತೆಗೆದ ಹಳೆಯ 4ಯು ಸರ್ವರ್ ಪೆಟ್ಟಿಗೆ, ಒಂದೊಂದು ಕಿಲೋ ಮರಳು ತುಂಬಿ ಹೊಲಿದ ಚೀಲಗಳು, ತೂಕದ ಯಂತ್ರ, ಎರಡು ಬದಿಯ ರೈಲುಗಳು, ಎಂ6 ಕೇಜ್ ನಟ್ ಮತ್ತು ಸ್ಕ್ರೂ, ಕೇಜ್ ನಟ್ ಕೂರಿಸುವ ಕೊಕ್ಕೆ, ಗಾರೆಯವರು ಬಳಸುವ ರಸಮಟ್ಟ, ಬಣ್ಣದ ಟೇಪು, ಸೊಂಟದೆತ್ತರದ ಗಟ್ಟಿ ಮೇಜು.

ಮರಳು ಚೀಲದ ಅನುಕೂಲವೆಂದರೆ ಒಂದೇ ಪೆಟ್ಟಿಗೆಯನ್ನು ಮೊದಲು ಖಾಲಿಯಾಗಿ, ಆಮೇಲೆ 18 ಕಿಲೋಗೆ, ಕೊನೆಗೆ 30 ಕಿಲೋಗೆ ಏರಿಸಬಹುದು. ಚೀಲಗಳು ಒಳಗೆ ಸರಿದಾಡದಂತೆ ಟೇಪು ಹಾಕಿ ಬಿಗಿಯಬೇಕು. ಎತ್ತುವಾಗ ಭಾರ ಒಂದು ಕಡೆಗೆ ಸರಿದರೆ ಹಿಡಿತ ತಪ್ಪುತ್ತದೆ.

ಪೀಠಿಕೆ

'ಮನೆಯಲ್ಲಿ ಅಡುಗೆ ಸಿಲಿಂಡರ್ ಯಾರು ಎತ್ತುತ್ತೀರಿ?' ಎಂದು ಕೇಳಿದೆ. ಹನ್ನೊಂದು ಕೈ ಮೇಲೆದ್ದವು. 'ತುಂಬಿದ್ದರ ತೂಕ ಎಷ್ಟು?' ಅನಿಲ 14.2 ಕಿಲೋ ಎಂದು ಹಲವರಿಗೆ ಗೊತ್ತಿತ್ತು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ, ಸಾಮಾನ್ಯವಾಗಿ 15 ಕಿಲೋ ಆಸುಪಾಸು ಎಂದಾಗ, ಒಟ್ಟು 30ರ ಹತ್ತಿರ ಎಂದು ಅವರೇ ಕೂಡಿಸಿದರು.

'ಹಾಗಾದರೆ 30 ಕಿಲೋ ಪೆಟ್ಟಿಗೆಯನ್ನು ಒಬ್ಬರೇ ರ‍್ಯಾಕಿಗೆ ಏರಿಸಬಹುದಲ್ಲ?'

'ಆಗುತ್ತೆ ಸರ್' ಎಂದವರು ಮೂವರು. ಅವರಲ್ಲಿ ಒಬ್ಬನಿಗೆ ಖಾಲಿ ಪೆಟ್ಟಿಗೆ ಕೊಟ್ಟು, ತೋಳು ಮುಂದಕ್ಕೆ ಚಾಚಿ ರಸಮಟ್ಟದ ಗುಳ್ಳೆ ನಡುವೆ ನಿಲ್ಲುವಂತೆ ಹಿಡಿಯಲು ಹೇಳಿದೆ. ಗುಳ್ಳೆ ನಿಲ್ಲಲಿಲ್ಲ. ಸಿಲಿಂಡರಿಗೆ ಹಿಡಿಕೆಯಿದೆ, ಅದು ಮೈಗೆ ತಾಗಿಕೊಂಡೇ ಬರುತ್ತದೆ, ಸಾಕಾದರೆ ಕೆಳಗಿಡಬಹುದು. ಪೆಟ್ಟಿಗೆಗೆ ಹಿಡಿಕೆಯಿಲ್ಲ, ಅಂಚು ಚೂಪು, ಮೈಯಿಂದ ದೂರ ಹಿಡಿಯಬೇಕು, ಮಟ್ಟವಾಗಿ ಹಿಡಿಯಬೇಕು, ನಡುವೆ ಸಾಕೆನಿಸಿದರೆ ಇಡಲು ಜಾಗವಿಲ್ಲ. ಈ ವ್ಯತ್ಯಾಸಗಳನ್ನು ವಿದ್ಯಾರ್ಥಿಗಳೇ ಹೇಳಿದರು. ನಾನು ಹಲಗೆಯ ಮೇಲೆ ಬರೆದೆನಷ್ಟೆ.

ಇಲ್ಲಿ ಒಂದು ಅಂಕಿ ಸೇರಿಸಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆಯಾದ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಭಾರ ಎತ್ತುವ ಸೂತ್ರ, ಎಲ್ಲ ಅನುಕೂಲಗಳೂ ಇದ್ದಾಗ 23 ಕಿಲೋ ಎಂಬಲ್ಲಿಂದ ಶುರುವಾಗುತ್ತದೆ. ಭಾರ ಮೈಯಿಂದ 25 ಸೆಂ.ಮೀ. ದೂರವಿರುವ ಬದಲು 50 ಸೆಂ.ಮೀ. ದೂರ ಹೋದರೆ, ಆ 23 ಅರ್ಧಕ್ಕಿಳಿದು ಹನ್ನೊಂದೂವರೆಯಾಗುತ್ತದೆ. ತೂಕ ಅಷ್ಟೇ ಇದ್ದರೂ ದೂರ ಹೆಚ್ಚಿದಂತೆ ಸೊಂಟದ ಮೇಲಿನ ಒತ್ತಡ ಬೇರೆಯಾಗುತ್ತದೆ.

ವಿಷಯ ನಿರೂಪಣೆ

ಅ) ರ‍್ಯಾಕಿನ ಅಳತೆ

ಇಐಎ-310 ಮಾನದಂಡದ ರ‍್ಯಾಕಿನಲ್ಲಿ ಉಪಕರಣದ ಮುಂಪಟ್ಟಿಯ ಅಗಲ 19 ಅಂಗುಲ, ಅಂದರೆ 482.6 ಮಿ.ಮೀ. ಎತ್ತರದ ಒಂದು ಘಟಕ, 1ಯು, ಎಂದರೆ ಒಂದೂ ಮುಕ್ಕಾಲು ಅಂಗುಲ, 44.45 ಮಿ.ಮೀ. ಪ್ರತಿ ಯುಗೆ ಮೂರು ರಂಧ್ರ. ಆದರೆ ರಂಧ್ರಗಳ ನಡುವಿನ ಅಂತರ ಸಮನಲ್ಲ: 15.9, 15.9, 12.7 ಮಿ.ಮೀ. ಎಂದು ಮತ್ತೆ ಮತ್ತೆ ಬರುತ್ತದೆ. ಹತ್ತಿರ ಹತ್ತಿರ ಇರುವ ಎರಡು ರಂಧ್ರಗಳ ನಡುಮಧ್ಯದಲ್ಲಿ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ.

ಇದನ್ನು ಬಾಯಲ್ಲಿ ಹೇಳದೆ ಅಳತೆಪಟ್ಟಿ ಕೊಟ್ಟು ಕಂಡುಹಿಡಿಯಲು ಬಿಟ್ಟೆ. ಐದು ನಿಮಿಷದಲ್ಲಿ ಎರಡು ತಂಡಗಳು ಕಂಡುಕೊಂಡವು. ಬಳಿಕ ನಾಲ್ಕೂ ಕಂಬಗಳಲ್ಲಿ ಆರಿಸಿದ ಯುಗೆ ಬಣ್ಣದ ಟೇಪು ಅಂಟಿಸಿಸಿದೆ. ಮುಂದಿನ ಕಂಬಕ್ಕೆ ಸರಿಯಾಗಿ ಎಣಿಸಿ ಹಿಂದಿನದಕ್ಕೆ ಒಂದು ರಂಧ್ರ ತಪ್ಪಿದರೂ ರೈಲು ಒಂದೂವರೆ ಸೆಂಟಿಮೀಟರಿನಷ್ಟು ಓರೆಯಾಗುತ್ತದೆ. ಕಂಬದ ಮೇಲೆ ಅಂಕಿ ಅಚ್ಚಾಗಿಲ್ಲದ ರ‍್ಯಾಕಿನಲ್ಲಿ ಟೇಪೇ ಅಂಕಿ.

ಆ) ನಾಲ್ಕು ಕಂಬ ಏಕೆ

30 ಕಿಲೋ ತೂಕದ, 700 ಮಿ.ಮೀ. ಉದ್ದದ ಪೆಟ್ಟಿಗೆಯನ್ನು ಮುಂದಿನ ಎರಡು ಕಂಬಗಳಿಗೆ ಮಾತ್ರ, ಅದರ 'ಕಿವಿ'ಗಳ ಸ್ಕ್ರೂ ಬಿಗಿದು ನಿಲ್ಲಿಸಿದೆವು ಎಂದುಕೊಳ್ಳೋಣ. ಭಾರದ ಕೇಂದ್ರ 350 ಮಿ.ಮೀ. ಹಿಂದಿದೆ. ಪೆಟ್ಟಿಗೆಯನ್ನು ಕೆಳಕ್ಕೆ ತಿರುಗಿಸುವ ಪರಿಣಾಮ 30 × 0.35 = 10.5 ಕಿಲೋಗ್ರಾಂ-ಮೀಟರ್. ಕಿವಿಯ ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ಅಂತರ 150 ಮಿ.ಮೀ. ಆದರೆ ಮೇಲಿನ ಸ್ಕ್ರೂಗಳ ಮೇಲೆ ಬೀಳುವ ಎಳೆತ 10.5 ÷ 0.15 = 70 ಕಿಲೋ. ಮೂವತ್ತು ಕಿಲೋ ಪೆಟ್ಟಿಗೆ ಎಪ್ಪತ್ತು ಕಿಲೋ ಬಲದಿಂದ ಎಳೆಯುತ್ತದೆ.

ತರಗತಿಯಲ್ಲಿ ಇದನ್ನು ಯಾರೂ ಮೊದಲಿಗೆ ಒಪ್ಪಲಿಲ್ಲ. ಹಾರೆಯ ಉದಾಹರಣೆ ಕೊಟ್ಟೆ: ಉದ್ದದ ಕಡೆ ಸ್ವಲ್ಪ ಅದುಮಿದರೆ ಗಿಡ್ಡ ಕಡೆ ದೊಡ್ಡ ಕಲ್ಲೇ ಮೇಲೇಳುತ್ತದೆ. ಇಲ್ಲಿ ಉದ್ದದ ಕಡೆ ಪೆಟ್ಟಿಗೆ, ಗಿಡ್ಡ ಕಡೆ ಸ್ಕ್ರೂ. ಹಿಂದಿನ ಎರಡು ಕಂಬಗಳಿಗೂ ರೈಲು ಬಿಗಿದರೆ ಹಾರೆಯೇ ಇಲ್ಲವಾಗುತ್ತದೆ. ಮುಂದೆ 15 ಕಿಲೋ, ಹಿಂದೆ 15 ಕಿಲೋ ನೇರವಾಗಿ ಕೆಳಕ್ಕೆ. ಆದ್ದರಿಂದ ನಿಯಮ: ಭಾರ ಹೊರುವುದು ರೈಲು, ಕಿವಿಯ ಸ್ಕ್ರೂ ಇರುವುದು ಪೆಟ್ಟಿಗೆ ಮುಂದಕ್ಕೆ ಜಾರದಂತೆ ತಡೆಯಲು.

ಇ) ಭಾರ ಕೆಳಗೇ ಏಕೆ, ಒಂದು ಬಾರಿಗೆ ಒಂದೇ ಏಕೆ

ಎತ್ತರದಲ್ಲಿ ಭಾರವಿದ್ದರೆ ರ‍್ಯಾಕ್ ಸ್ವಲ್ಪ ವಾಲಿದರೂ ಅದರ ಭಾರಕೇಂದ್ರ ಬೇಗ ಬುಡದ ಅಂಚು ದಾಟುತ್ತದೆ. ಅದಕ್ಕೇ ಯುಪಿಎಸ್, ಬ್ಯಾಟರಿ, ದೊಡ್ಡ ಸ್ವಿಚ್ ಎಲ್ಲ ಕೆಳಗೆ. ಪ್ಯಾಚ್ ಪ್ಯಾನೆಲ್ ಮೇಲೆ. ತುಂಬುವುದು ಕೆಳಗಿನಿಂದ ಮೇಲಕ್ಕೆ, ಖಾಲಿ ಮಾಡುವುದು ಮೇಲಿನಿಂದ ಕೆಳಕ್ಕೆ.

ಜಾರುವ ರೈಲಿನ ಉಪಕರಣಗಳಲ್ಲಿ ಇನ್ನೊಂದು ಅಪಾಯವಿದೆ. ಅದನ್ನು ಲೆಕ್ಕವಾಗಿ ಕೊಟ್ಟೆ. ರ‍್ಯಾಕ್ 100 ಕಿಲೋ, ಉದ್ದ 1000 ಮಿ.ಮೀ., ನೆಲಕ್ಕೆ ಬಿಗಿದಿಲ್ಲ, ಚಕ್ರದ ಮೇಲೆಯೇ ನಿಂತಿದೆ, ಮುಂದಿನ ಚಕ್ರಗಳು ಕಂಬಕ್ಕಿಂತ 100 ಮಿ.ಮೀ. ಒಳಗಿವೆ. ಆಗ ರ‍್ಯಾಕನ್ನು ಹಿಂದಕ್ಕೆ ಹಿಡಿದಿಡುವ ಪರಿಣಾಮ 100 × 0.4 = 40. ಪೂರ್ತಿ ಹೊರಗೆಳೆದ 30 ಕಿಲೋ ಉಪಕರಣವೊಂದರ ಭಾರಕೇಂದ್ರ ಕಂಬದಿಂದ 350 ಮಿ.ಮೀ. ಮುಂದಿದ್ದರೆ, ಚಕ್ರದಿಂದ 450 ಮಿ.ಮೀ. ಆಗುತ್ತದೆ, ಅದು ಮುಂದಕ್ಕೆ ಬೀಳಿಸುವ ಪರಿಣಾಮ 30 × 0.45 = 13.5. ಒಂದನ್ನು ಎಳೆದರೆ 13.5, ಎರಡನ್ನು ಎಳೆದರೆ 27, ಮೂರನ್ನು ಎಳೆದರೆ 40.5.

'ಸರ್, ಮೂರಕ್ಕೆ ಬಿದ್ದೇಬಿಡುತ್ತೆ' ಎಂದು ಹಿಂದಿನ ಬೆಂಚಿನಿಂದ ಧ್ವನಿ ಬಂತು. ಎರಡನ್ನು ಎಳೆದಿಟ್ಟು ಮೇಲೆ ಕೈಯೂರಿ ಬಗ್ಗಿ ನೋಡಿದರೂ ಬೀಳಬಹುದು ಎಂದು ಸೇರಿಸಿದೆ. ಮಟ್ಟದ ಕಾಲುಗಳನ್ನು ಇಳಿಸಿ ಚಕ್ರದ ಮೇಲಿನ ಭಾರ ತೆಗೆಯುವುದು, ಉರುಳದಂತೆ ತಡೆಯುವ ಮುಂಗಾಲು ಹೊರಗೆಳೆಯುವುದು, ಸಾಧ್ಯವಿದ್ದಲ್ಲಿ ನೆಲಕ್ಕೆ ಬೋಲ್ಟ್ ಹಾಕುವುದು ಇವೆಲ್ಲ ಏಕೆಂದು ಮತ್ತೆ ವಿವರಿಸಬೇಕಾಗಲಿಲ್ಲ.

ಈ) ಎತ್ತುವ ಮೊದಲು

ಹಲಗೆಯ ಬಲಭಾಗದಲ್ಲಿ ಪಾಠ ಮುಗಿಯುವವರೆಗೂ ಅಳಿಸದೆ ಉಳಿಸಿದ ಪಟ್ಟಿ ಇದು:

1. ತೂಕ ಓದಿದ್ದೀರಾ? ಕೆಲವು ತಯಾರಕರ ಸುರಕ್ಷತಾ ಚೀಟಿಯಲ್ಲಿ 18, 32, 55 ಕಿಲೋ ಎಂಬ ಗಡಿಗಳಿರುತ್ತವೆ: 18 ದಾಟಿದರೆ ಇಬ್ಬರು, 32 ದಾಟಿದರೆ ಮೂವರು, 55 ದಾಟಿದರೆ ನಾಲ್ವರು ಅಥವಾ ಎತ್ತುವ ಯಂತ್ರ.
2. ತೂಕ ಇಳಿಸಬಹುದೇ? ಪವರ್ ಸಪ್ಲೈ, ಫ್ಯಾನ್ ಟ್ರೇ, ಕಾರ್ಡು, ಬ್ಯಾಟರಿ ತೆಗೆಯಲು ಕೈಪಿಡಿ ಹೇಳಿದ್ದರೆ ಮೊದಲು ತೆಗೆದು, ಕೂರಿಸಿದ ಮೇಲೆ ಹಾಕಿ. ಅವುಗಳ ಹಿಡಿಕೆ ಹಿಡಿದು ಇಡೀ ಪೆಟ್ಟಿಗೆ ಎತ್ತಬಾರದು; ಆ ಹಿಡಿಕೆ ಆ ಭಾಗಕ್ಕೆ ಮಾತ್ರ.
3. ರ‍್ಯಾಕ್ ಅಲುಗುತ್ತದೆಯೇ? ಕೈಯಿಂದ ತಳ್ಳಿ ನೋಡಿ.
4. ನಾಲ್ಕೂ ಕಂಬದಲ್ಲಿ ಗುರುತು ಒಂದೇ ಎತ್ತರದಲ್ಲಿದೆಯೇ?
5. ರೈಲಿನ ಸ್ಕ್ರೂ ಎಲ್ಲವೂ ಇವೆಯೇ? ಹಿಂದೆ ಹೋಗಿ ನೋಡಿ. ರೈಲನ್ನು ಕೆಳಕ್ಕೆ ಅದುಮಿ ನೋಡಿ.
6. ನಡೆಯುವ ದಾರಿಯಲ್ಲಿ ಕೇಬಲ್, ರಟ್ಟು, ಪ್ಲಾಸ್ಟಿಕ್ ಹಾಳೆ ಬಿದ್ದಿದೆಯೇ?
7. ಉಂಗುರ, ಬಳೆ, ಕೊರಳಿನ ಗುರುತುಚೀಟಿ, ದುಪಟ್ಟಾ ತೆಗೆದಿಟ್ಟಿದ್ದೀರಾ? ಕಾಲಲ್ಲಿ ಚಪ್ಪಲಿ ಇದೆಯೇ, ಶೂ ಇದೆಯೇ?
8. ಕಿವಿಯ ಸ್ಕ್ರೂಗಳು ಯಾರ ಕೈಯಲ್ಲಿವೆ?
9. ಹೇಳುವವರು ಯಾರು?

ಎಂಟನೆಯದು ಚಿಕ್ಕದೆನಿಸಬಹುದು. ಇಬ್ಬರು ಪೆಟ್ಟಿಗೆ ಹಿಡಿದು ನಿಂತಿರುವಾಗ ಮೂರನೆಯವರು ಸ್ಕ್ರೂ ಹುಡುಕಿಕೊಂಡು ಓಡುವುದು ಎಷ್ಟು ಸಾಮಾನ್ಯವೆಂದು ಈ ಕೆಲಸ ಮಾಡಿದವರಿಗೆ ಗೊತ್ತು. ಕೇಜ್ ನಟ್‌ಗಳನ್ನೂ ಮೊದಲೇ ಕೊಕ್ಕೆಯಿಂದ ಕೂರಿಸಿರಬೇಕು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಅದು ಜಾರಿ ಬೆರಳು ಹರಿಯುತ್ತದೆ.

ಉ) ಮಾತಿನ ಒಪ್ಪಂದ

ನಾಲ್ವರ ತಂಡ: ಎತ್ತುವವರು ಇಬ್ಬರು, ಹಿಂದೆ ನಿಂತು ರೈಲು ನೋಡುವವರು ಒಬ್ಬರು, ಹೇಳುವವರು ಒಬ್ಬರು. ಹೇಳುವವರ ಕೈ ಖಾಲಿಯಿರಬೇಕು. ಹಿಂದಿರುವವರ ಕೈ ರೈಲಿನ ಒಳಗೆ ಹೋಗಬಾರದು, ಕಣ್ಣು ಮಾತ್ರ.

ಯಾವ ಪದ ಬಳಸಬೇಕೆಂದು ವಿದ್ಯಾರ್ಥಿಗಳನ್ನೇ ಕೇಳಿದೆ. 'ಹಿಡಿ, ಇಡಿ' ಎಂದರು. ಬೇಗ ಬೇಗ ಹೇಳಿ ನೋಡಿ ಎಂದೆ. ನಮ್ಮ ಕಡೆಯ ಮಾತಿನಲ್ಲಿ ಹಕಾರ ಬಿದ್ದುಹೋಗಿ ಎರಡೂ 'ಇಡಿ'ಯೇ ಆಗುತ್ತವೆ. ಒಬ್ಬ ಬಿಗಿಯಾಗಿ ಹಿಡಿದುಕೊಂಡರೆ ಇನ್ನೊಬ್ಬ ಕೆಳಗಿಡಲು ಹೋಗುತ್ತಾನೆ. ತರಗತಿ ನಕ್ಕಿತು, ಆದರೆ ಪದ ಬದಲಾಯಿತು: 'ಕೈ ಹಾಕಿ', 'ಎತ್ತಿ', 'ಮುಂದೆ', 'ಇಳಿಸಿ'. ಒಂದು, ಎರಡು, ಮೂರು ಎಂಬ ಎಣಿಕೆಯನ್ನೂ ಬಿಟ್ಟೆವು. ಮೂರಕ್ಕೆ ಎತ್ತಬೇಕೋ ಮೂರಾದ ಮೇಲೋ ಎಂಬುದು ಒಬ್ಬೊಬ್ಬರಿಗೆ ಒಂದೊಂದು.

ನಿಲ್ಲಿಸಲು 'ತಡಿ, ತಡಿ' ಬಂತು. ಅದನ್ನು ನಾವು ದಿನಕ್ಕೆ ಹತ್ತು ಸಲ ಸುಮ್ಮನೆ ಹೇಳುತ್ತೇವೆ. ಕಿವಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 'ನಿಲ್ಲು' ಎಂದು ದೊಡ್ಡವರಿಗೆ ಹೇಳಲು ಬಾಯಿ ಬರುವುದಿಲ್ಲ. 'ನಿಲ್ಲಿ' ಆರಿಸಿಕೊಂಡೆವು. ಇಬ್ಬರಿಗೂ ಒಟ್ಟಿಗೆ ಹೇಳಬಹುದು, ಮೇಷ್ಟರಿಗೂ ಹೇಳಬಹುದು, ಮೇಸ್ತ್ರಿಗೂ ಹೇಳಬಹುದು, ಮರ್ಯಾದೆ ಕೆಡುವುದಿಲ್ಲ.

ಉಳಿದ ಪದಗಳು ಹೇಳುವವರದ್ದು ಮಾತ್ರ. 'ನಿಲ್ಲಿ' ಎಲ್ಲರದ್ದೂ. ಅದು ಕೇಳಿಸಿದರೆ ಪೆಟ್ಟಿಗೆಯನ್ನು ಮೇಜಿಗೆ ಇಳಿಸಬೇಕು, ಅಥವಾ ರೈಲಿನ ಮೇಲಿದ್ದರೆ ಇದ್ದಲ್ಲೇ ಹಿಡಿದಿರಬೇಕು. 'ಏಕೆ' ಎಂದು ಕೇಳುವುದು ಆಮೇಲೆ.

ಅನ್ವಯ

ಮೊದಲ ಸುತ್ತು ಖಾಲಿ ಪೆಟ್ಟಿಗೆಯದು. ಎತ್ತುವವರಲ್ಲಿ ಒಬ್ಬನಾಗಿ ನಾನೂ ನಿಂತೆ. ತಂಡಗಳು ಪಟ್ಟಿ ಓದಿ ಸಿದ್ಧವಾಗುವ ಮುನ್ನ, ಹಿಂದಿನ ಎಡಕಂಬದ ರೈಲಿನ ಸ್ಕ್ರೂ ಒಂದನ್ನು ಬೇಕೆಂದೇ ತೆಗೆದಿಟ್ಟಿದ್ದೆ. ಮಾರ್ಗದರ್ಶಕರಿಗೆ ಇದನ್ನು ಮೊದಲೇ ತಿಳಿಸಿದ್ದೆ. ಭಾರದ ಪೆಟ್ಟಿಗೆಯಲ್ಲಿ ಈ ಪರೀಕ್ಷೆ ಮಾಡತಕ್ಕದ್ದಲ್ಲ.

ಮೊದಲ ತಂಡದಲ್ಲಿ ಹಿಂದೆ ನಿಂತ ಹುಡುಗ ಖಾಲಿ ರಂಧ್ರವನ್ನು ನೋಡಿದ, ನನ್ನ ಮುಖ ನೋಡಿದ, ಸುಮ್ಮನಾದ. ಪೆಟ್ಟಿಗೆ ಕೂತಿತು. ಏನು ಕಂಡಿತೆಂದು ಕೇಳಿದಾಗ, 'ಕಂಡಿತು ಸರ್. ನೀವೇ ಹಿಡಿದಿದ್ದಿರಿ, ಅದಕ್ಕೆ ಸರಿ ಇರುತ್ತೆ ಅಂದುಕೊಂಡೆ' ಎಂದ. ಎರಡನೆಯ ತಂಡಕ್ಕೂ ಹಾಗೆಯೇ ಆಯಿತು. ಸ್ಕ್ರೂ ಇಲ್ಲದ್ದು ಕಣ್ಣಿಗೆ ಬೀಳಲಿಲ್ಲವೆಂದಲ್ಲ. ಕಂಡದ್ದು ಬಾಯಿಗೆ ಬರಲಿಲ್ಲ.

ಆಗ ಪಾಠವನ್ನು ಅಲ್ಲೇ ತಡೆದು ಒಂದು ಸುತ್ತು ಬರೀ ಮಾತಿನ ಅಭ್ಯಾಸ ಮಾಡಿಸಿದೆ. ಪೆಟ್ಟಿಗೆ ಎತ್ತುವುದು, ಯಾರಾದರೊಬ್ಬರು ಕಾರಣವಿಲ್ಲದೆಯೇ 'ನಿಲ್ಲಿ' ಎನ್ನುವುದು, ನಾವು ಇಳಿಸುವುದು. ಹದಿನಾರು ಮಂದಿಯೂ ಒಮ್ಮೊಮ್ಮೆ ಹೇಳಿದರು. ಮೊದಮೊದಲು ನಗು, ಪಿಸುಮಾತು. ಹತ್ತನೆಯವರ ಹೊತ್ತಿಗೆ ಧ್ವನಿ ಗಟ್ಟಿಯಾಯಿತು. ಮೇಷ್ಟರು ತಮ್ಮ ಮಾತಿಗೆ ನಿಜವಾಗಿಯೂ ಭಾರ ಇಳಿಸುತ್ತಾರೆ ಎಂಬುದು ಅವರಿಗೆ ಖಾತ್ರಿಯಾಗಬೇಕಿತ್ತು.

ಮೂರನೆಯ ತಂಡದ ಸರದಿಯಲ್ಲಿ, ತರಗತಿಯಲ್ಲಿ ಹೆಚ್ಚು ಮಾತಾಡದ ಹುಡುಗಿಯೊಬ್ಬಳು ಹಿಂದೆ ನಿಂತಿದ್ದಳು. ಈ ಸಲ ಬೇರೆ ಕಂಬದ ಸ್ಕ್ರೂ ತೆಗೆದಿದ್ದೆ. ಪೆಟ್ಟಿಗೆ ರೈಲಿನ ತುದಿ ಮುಟ್ಟುವ ಮೊದಲೇ 'ನಿಲ್ಲಿ' ಎಂದಳು. ಇಳಿಸಿದೆವು. 'ಬಲಗಡೆ ಹಿಂದೆ ಒಂದೇ ಸ್ಕ್ರೂ ಇದೆ ಸರ್' ಎಂದಳು. ನಾಲ್ಕನೆಯ ತಂಡ ಎತ್ತುವ ಮೊದಲೇ ಹಿಂದೆ ಹೋಗಿ ತಡಕಿ ನೋಡಿತು.

ಇದಾದ ಮೇಲೆ ಎಲ್ಲ ಸ್ಕ್ರೂ ಹಾಕಿ, ನಾನೂ ವೃತ್ತಿ ಬೋಧಕರೂ ಒಂದೊಂದನ್ನೂ ಪರೀಕ್ಷಿಸಿ, 18 ಕಿಲೋ, ಮರುದಿನ 30 ಕಿಲೋ ಅಭ್ಯಾಸ ನಡೆಯಿತು. ಸ್ಥಾನ ರ‍್ಯಾಕಿನ ಕೆಳಭಾಗದಲ್ಲಿ, ಮಂಡಿಗೂ ಸೊಂಟಕ್ಕೂ ನಡುವೆ. ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು, ಪೆಟ್ಟಿಗೆಯನ್ನು ಮೈಗೆ ಹತ್ತಿರ ಹಿಡಿದು, ಸೊಂಟ ತಿರುಚದೆ ಪಾದ ಸರಿಸಿ ತಿರುಗುವುದು. ಹಿಂದಂಚನ್ನು ಎರಡೂ ರೈಲಿನ ತುದಿಗೆ ತಾಗಿಸಿ, ರೈಲು ಭಾರ ಹೊತ್ತ ಮೇಲೆ ಒಳಕ್ಕೆ ಸರಿಸುವುದು. ಕಿವಿಯ ಸ್ಕ್ರೂಗಳನ್ನು ಮೊದಲು ಕೈಯಿಂದ ತಿರುಗಿಸಿ, ಎಲ್ಲವೂ ಕೂತ ಮೇಲೆ ಬಿಗಿಯುವುದು. ಆಗಲೇ ಹಿಡಿತ ಬಿಡುವುದು. ಭುಜದೆತ್ತರಕ್ಕೆ ಮೇಲೆ ಕೈಯಿಂದ ಎತ್ತುವ ಅಭ್ಯಾಸ ಮಾಡಿಸಲಿಲ್ಲ. ಅಲ್ಲಿಗೆ ಎತ್ತುವ ಯಂತ್ರವೇ ಬೇಕೆಂದು ಹೇಳಿದೆ. ಕೂರಿಸಿದ ಬಳಿಕ ಮೊದಲ ಜೋಡಣೆ ಅರ್ಥಿಂಗ್ ತಂತಿಯದು, ಆಮೇಲೆ ವಿದ್ಯುತ್. ಬಿಚ್ಚುವಾಗ ಅರ್ಥಿಂಗ್ ಕೊನೆಯದು.

ಮೌಲ್ಯಮಾಪನ

ಮಾರ್ಗದರ್ಶಕರ ಕೆಂಪು ಶಾಯಿಯ ಪ್ರಶ್ನೆಗೆ ಇಲ್ಲಿ ಉತ್ತರ ಕೊಡಬೇಕಿತ್ತು. ಪ್ರಾಯೋಗಿಕ ಕೆಲಸಕ್ಕೆ ಅಂಕ ಕೊಡುವಾಗ ನಾವು ಸಾಮಾನ್ಯವಾಗಿ ಮುಗಿದ ಕೆಲಸ ನೋಡುತ್ತೇವೆ. ಆದರೆ ಮೊದಲ ತಂಡ ಕೂರಿಸಿದ ಪೆಟ್ಟಿಗೆಯನ್ನೂ ನಾಲ್ಕನೆಯ ತಂಡ ಕೂರಿಸಿದ ಪೆಟ್ಟಿಗೆಯನ್ನೂ ಮುಂದಿನಿಂದ ಫೋಟೊ ತೆಗೆದರೆ ಎರಡೂ ಒಂದೇ. ಆದ್ದರಿಂದ 25 ಅಂಕಗಳನ್ನು ಹೀಗೆ ಹಂಚಿದೆ: ಎತ್ತುವ ಮೊದಲಿನ ಪಟ್ಟಿಗೆ 10, ಮಾತಿನ ಶಿಸ್ತಿಗೆ 5, ಎತ್ತಿ ಕೂರಿಸುವುದಕ್ಕೆ 5, ಲೆಕ್ಕಕ್ಕೆ 5. 'ನಿಲ್ಲಿ' ಎಂದದ್ದರಿಂದ ಸಮಯ ಹೋದರೆ ಅಂಕ ಕಡಿತವಿಲ್ಲ. ಕೊನೆಗೆ ಕಾರಣ ಸುಳ್ಳೆಂದು ಗೊತ್ತಾದರೂ ಕಡಿತವಿಲ್ಲ.

ಈ ಕೊನೆಯ ವಾಕ್ಯದ ಬಗ್ಗೆ ವೀಕ್ಷಣೆಗೆ ಬಂದಿದ್ದ ಸಹಪಾಠಿಯೊಬ್ಬರು ಆಕ್ಷೇಪ ಎತ್ತಿದರು: ಹೀಗಾದರೆ ಎಲ್ಲರೂ ಸುಮ್ಮಸುಮ್ಮನೆ ನಿಲ್ಲಿಸುತ್ತಾರೆ. ನಾಲ್ಕು ತಂಡಗಳ 30 ಕಿಲೋ ಅಭ್ಯಾಸದಲ್ಲಿ ಆ ಪದ ಬಂದದ್ದು ಮೂರು ಸಲ. ಒಮ್ಮೆ ಅಂಗೈ ಬೆವರಿ ಜಾರುತ್ತಿತ್ತು, ಒಮ್ಮೆ ಶೂ ದಾರ ಬಿಚ್ಚಿತ್ತು, ಒಮ್ಮೆ ರೈಲು ಓರೆಯಂತೆ ಕಂಡಿತ್ತು, ಅಳೆದಾಗ ಸರಿಯಾಗಿಯೇ ಇತ್ತು. ಮೂರನೆಯದಕ್ಕೆ ಹೋದದ್ದು ಎರಡು ನಿಮಿಷ.

ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಈ ಪಾಠ ತೆಗೆದುಕೊಳ್ಳುವವರು ಎರಡು ದಿನಕ್ಕೆ ಯೋಜಿಸಿಕೊಳ್ಳಿ. ಮೊದಲ ದಿನ ಭಾರ ಎತ್ತಿಸುವ ಅವಸರ ಬೇಡ. ಎತ್ತಿ ಕೂರಿಸುವುದಕ್ಕೆ ತಂಡವೊಂದಕ್ಕೆ ಒಂದೆರಡು ನಿಮಿಷ ಸಾಕು. ಉಳಿದ ಸಮಯವೆಲ್ಲ ಅದರ ಮುಂಚಿನ ಕೆಲಸಕ್ಕೆ ಬೇಕು. ರ‍್ಯಾಕ್ ಇಲ್ಲದ ಸಂಸ್ಥೆಯಲ್ಲಿ ಗೋಡೆಗೆ ಆನಿಸಿ ಬಿಗಿದ ಕಬ್ಬಿಣದ ಕಪಾಟಿನ ಕೆಳ ಅರೆ ಬಳಸಿ ಮಾತಿನ ಅಭ್ಯಾಸ ಮಾಡಿಸಬಹುದು. ಅಳತೆಯ ಭಾಗಕ್ಕೆ ರಟ್ಟಿನ ಮೇಲೆ ರಂಧ್ರಗಳನ್ನು ಗುರುತು ಹಾಕಿದ ಪಟ್ಟಿ ಸಾಕು. ಬೆನ್ನುನೋವು, ಹರ್ನಿಯಾ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ಇದ್ದಾರೆಯೇ ಎಂದು ಹಿಂದಿನ ದಿನವೇ ಖಾಸಗಿಯಾಗಿ ಕೇಳಿಕೊಳ್ಳಿ. ಅವರಿಗೆ ಹೇಳುವವರ ಪಾತ್ರ ಕೊಡಿ. ಅದು ತಂಡದಲ್ಲಿ ಎಲ್ಲಕ್ಕಿಂತ ಜವಾಬ್ದಾರಿಯ ಪಾತ್ರವೆಂದು ತರಗತಿಯ ಮುಂದೆ ಹೇಳಿ.

ಹುಡುಗರಿಗೆ ಎತ್ತುವ ಕೆಲಸ, ಹುಡುಗಿಯರಿಗೆ ಪಟ್ಟಿ ಓದುವ ಕೆಲಸ ಎಂದು ತಂಡ ತಾನೇ ಹಂಚಿಕೊಳ್ಳುತ್ತದೆ. ಪ್ರತಿ ಸುತ್ತಿಗೆ ಪಾತ್ರ ಬದಲಾಯಿಸಿ. ನಾಲ್ಕೂ ಜಾಗದಲ್ಲಿ ನಿಂತವರಿಗೆ ಮಾತ್ರ ಉಳಿದ ಮೂವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ತಿಳಿಯುತ್ತದೆ.

ಮನೆಗೆಲಸವಾಗಿ ಕೊಟ್ಟ ಪ್ರಶ್ನೆ: 'ನೀವು ಹೊಸದಾಗಿ ಸೇರಿದ ಕಡೆ ಹಿರಿಯ ತಂತ್ರಜ್ಞರು 40 ಕಿಲೋ ಯುಪಿಎಸ್ ಅನ್ನು ನಿಮ್ಮೊಬ್ಬರನ್ನೇ ಜೊತೆಗಿಟ್ಟುಕೊಂಡು ಎತ್ತಲು ಹೊರಟಿದ್ದಾರೆ. ಅವರಿಗೆ ಏನು ಹೇಳುತ್ತೀರಿ? ನೀವು ಆಡುವ ಮಾತನ್ನೇ ಬರೆಯಿರಿ.' ಬಂದ ಉತ್ತರಗಳಲ್ಲಿ ನನಗೆ ಹಿಡಿಸಿದ್ದು: 'ಸರ್, ಒಂದ್ನಿಮಿಷ ನಿಲ್ಲಿ. ಬ್ಯಾಟರಿ ಬಿಚ್ಚಿ ಹಗುರ ಮಾಡೋಣ, ಆಮೇಲೆ ನಾನೂ ಕೈ ಹಾಕ್ತೀನಿ.' ತೂಕ, ಉಪಾಯ, ಮರ್ಯಾದೆ ಮೂರೂ ಅದರಲ್ಲಿದ್ದವು. ಐದಕ್ಕೆ ಐದು ಕೊಟ್ಟೆ.